ಗೂಬೆಗೆ ಸುತ್ತಿದ ಸ್ವೆಟರ್

ಪಶು ಆಸ್ಪತ್ರೆಯ ಬೆಂಚಿನ ಮೇಲೆ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಟೈಲರಮ್ಮನಿಗೆ ಪಕ್ಕದ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಲಾರಿ ಡ್ರೈವರ್ ಗಂಡನ ತೊಡೆಯ ಮೇಲೊಂದು ರಟ್ಟಿನ ಡಬ್ಬ. ಒಳಗೆ ರೆಕ್ಕೆ ಮುರಿದ ಗೂಬೆ.

"ಇದಕ್ಕೆ ಸುತ್ತೋಕೆ ನಾನು ಹೆಣೆದ ಸ್ವೆಟರೇ ಬೇಕಿತ್ತಾ?"

"ನಡುಗ್ತಿತ್ತು ಕಣೇ."

"ಚುಚ್ಚುತ್ತೆ ಅಂತ ನೀವು ಒಂದಿನಾನೂ ಹಾಕ್ಕೊಳ್ಳಲಿಲ್ಲ."

"ಲಾರಿಗಳಿಂದ ಕಾಳು ಸೋರಿ ರಸ್ತೆ ತುಂಬ ಇಲಿ. ಇಲಿ ಹಿಡಿಯೋಕೆ ಇದು ಇಳಿದಿತ್ತು. ನಾನು ಲೈಟ್ ಡಿಮ್ ಮಾಡಿದ್ರೆ ಹಾರಿ ಹೋಗ್ತಿತ್ತು. ಕಣ್ಣು ಕುಕ್ಕಿ ಅಲ್ಲೇ ನಿಂತ್ಬಿಡ್ತು, ಬಂಪರ್ ತಗಲಿತು, ಪಾಪ."

"ತಕ್ಷಣ ಲಾರಿ ನಿಲ್ಲಿಸಿದ್ರಿ. ಹೋದ ತಿಂಗಳು ವಾಂತಿ ಬರ್ತಿದೆ, ಒಂದ್ನಿಮಿಷ ನಿಲ್ಲಿಸಿ ಅಂತ ನಾನು ಬೇಡಿಕೊಂಡಾಗ?"

"ಲೋಡ್ ತಡ ಆಗ್ತಿತ್ತಲ್ಲೇ."

"ಇವತ್ತು ಆಗ್ಲಿಲ್ವಾ?"

ಗಂಡ ಡಬ್ಬದೊಳಕ್ಕೆ ಬಗ್ಗಿದ. "ಹೆದರ್ಬೇಡ ಪುಟ್ಟಿ, ಡಾಕ್ಟ್ರು ಬರ್ತಾರೆ."

"ಪುಟ್ಟಿನಾ? ಮದುವೆಯಾದ ಹೊಸದ್ರಲ್ಲಿ ನನ್ನನ್ನ ಹಾಗೆ ಕರೀತಿದ್ರಿ!"

ಟೈಲರಮ್ಮ ಬೆಕ್ಕಿನ ಕಿವಿ ಸವರುತ್ತ ನಗು ನುಂಗಿಕೊಂಡಳು. ಅಷ್ಟರಲ್ಲಿ ಕಾಂಪೌಂಡರ್ ಹೊರಗೆ ತಲೆ ಹಾಕಿದ. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಅವರವರ ಪ್ರಾಣಿಯೇ ಅವರವರ ಹೆಸರು.

"ಗೂಬೆಯವರು ಬನ್ನಿ!"

ಹೆಂಡತಿ ಡಬ್ಬ ಕಿತ್ತುಕೊಂಡು ಎದ್ದಳು. "ಕೊಡಿ ಇತ್ಲಾಗೆ. ನಿಮ್ಮ ಕೈಗೆ ಬಿಟ್ರೆ ಇನ್ನೊಂದು ರೆಕ್ಕೇನೂ ಮುರೀತೀರಿ."

"ನಿಧಾನ, ಹೊಸ್ತಿಲಿದೆ."

ಅವಳು ಬಾಗಿಲಲ್ಲಿ ನಿಂತು ತಿರುಗಿದಳು. "ಯಾರಿಗೆ ಹೇಳಿದ್ದು? ನನಗೋ, ಇದಕ್ಕೋ?"

"ನಿನಗೇ ಕಣೇ," ಎನ್ನುತ್ತ ಗಂಡ ಅವಳ ಹಿಂದೆ ಒಳಗೆ ಹೋದ. ಅವನ ಕಣ್ಣು ಮಾತ್ರ ಡಬ್ಬದ ಮೇಲಿಂದ ಕದಲಿರಲಿಲ್ಲ.