ಹಲಸಿನ ಮೇಣದ ರಟ್ಟು

...ಆ ನೊಣ ಹಿಡ್ಯೋ ಅಂಟು ಅಂಗ್ಡೀದು ಕಣ್ರೋ, ನಾನ್ ಮಾಡ್ತಿದ್ದಿದ್ದೇ ಬ್ಯಾರೆ. ಎಳೇ ಹಲಸಿನಕಾಯಿ ಕುಯ್ದ್ರೆ ಬಿಳೀ ಮೇಣ ಸುರೀತೈತಲ್ಲ, ಅದುಕ್ಕೆ ಒಸಿ ಹರಳೆಣ್ಣೆ ಹಾಕಿ ಬಿಸಿ ಮಾಡಿ, ಹಳೇ ರಟ್ಟಿಗೆ ಬಳಿದು, ಮ್ಯಾಲೆ ಬೆಲ್ಲದ ನೀರು ಚಿಮುಕ್ಸಿ ಬಾಗ್ಲಿಗೆ ನೇತಾಕೋದು. ಖರ್ಚೇ ಇಲ್ಲ. ಸಂಜೆ ಒಳ್ಗೆ ರಟ್ಟು ಕರ್ರಗಾಗ್ಬುಡೋದು. ಪಕ್ಕದ್ಮನೆ ಮುದುಕಿ ಹೇಳ್ಕೊಟ್ಟಿದ್ದು. ಆದ್ರೆ ಕಲ್ತಿದ್ದು ತಡವಾಗಿ. ನನ್ ಮಗಳು, ನಿಮ್ಮಪ್ಪನ ಅಕ್ಕ ಗೌರಿ ಹೋದ್ಮ್ಯಾಲೆ.

ಆಗ ಹೊಂಗಡಹಳ್ಳದ ಹತ್ರ ಒಂದು ಕಾಫಿ ಎಸ್ಟೇಟ್ ಲೈನ್‌ನಲ್ಲಿದ್ವಿ, ಕೂಲಿಯೋರ ಸಾಲ್ಮನೇಲಿ. ನಿಮ್ಮಪ್ಪ ಹೊಟ್ಟೇಲಿದ್ದ... ಅಲ್ಲಲ್ಲ, ಹುಟ್ಟಿ ಮೂರು ತಿಂಗ್ಳಾಗಿತ್ತು. ಕಾಫಿ ಹಣ್ಣು ಪಲ್ಪರ್ ಮಿಷನ್‌ಗೆ ಹಾಕಿದ್ರೆ ಸಿಪ್ಪೆ ಬರ್ತದಲ್ಲ, ಅದನ್ನ ತಂದು ತಂದು ನಮ್ಮ ಲೈನ್ ಮುಂದೇನೇ ಗುಡ್ಡೆ ಹಾಕೋರು. ಕೊಳ್ತು ನಾರೋದು. ನೊಣ ಅಂದ್ರೆ ಎಂಥ ನೊಣ! ಒಂದ್ ಕೈಲಿ ಉಣ್ಣೋದು, ಒಂದ್ ಕೈಲಿ ಓಡ್ಸೋದು. ಮಲಗಿದ್ ಮಕ್ಳ ತುಟಿ ಮ್ಯಾಲೆ ಕೂರೋವು. ಎಸ್ಟೇಟ್ ಲೆಕ್ಕ ಬರಿಯೋ ರೈಟರ್ ಹತ್ರ ಹೋಗಿ, "ಸಿಪ್ಪೆ ಒಸಿ ದೂರ ಹಾಕ್ಸಿ ಸಾರ್, ಮಕ್ಳವೆ" ಅಂದೆ. ಅವ್ನು ತಲೇನೂ ಎತ್ಲಿಲ್ಲ. "ನೊಣ ಯಾರ ಮನೇಲಿಲ್ಲ? ಹೋಗಮ್ಮ, ಕೆಲ್ಸ ನೋಡು." ವಾರ ಕಳೀಲಿಲ್ಲ, ಗೌರಿಗೆ ವಾಂತಿ ಭೇದಿ ಹಿಡ್ಕೊಂತು. ಮೂರು ವರ್ಷದ್ ಕೂಸು. ನಿಮ್ ತಾತ ಹೆಗಲ ಮ್ಯಾಲೆ ಹಾಕ್ಕೊಂಡು ರೋಡಿಗೆ ಬಂದು, ಬಸ್ಸಿಗೆ ಕಾದು ಕಾದು, ಸಕಲೇಶಪುರ ಮುಟ್ಟೋ ಹೊತ್ಗೆ... "ನೀರವ್ವ, ನೀರವ್ವ" ಅಂತಿತ್ತು. ಆಮ್ಯಾಕೆ ಅದೂ ಅನ್ಲಿಲ್ಲ. ಡಾಕ್ಟ್ರು, "ತಡ ಆಯ್ತಮ್ಮ. ನೊಣ ಕೂತಿದ್ದು ಏನೋ ತಿಂದೈತೆ" ಅಂದ್ರು.

ಆಮ್ಯಾಲೆ ನಂಗೆ ನೊಣ ಕಂಡ್ರೆ ಮೈಯೆಲ್ಲ ಉರಿಯೋದು. ದಿನಾ ರಟ್ಟು ಮಾಡೋದು, ದಿನಾ ನೇತಾಕೋದು. ಒಂದಿನ ತುಂಬಿದ್ ರಟ್ಟು ಹಿಡ್ಕೊಂಡು ಸೀದಾ ಬಂಗ್ಲೆಗೆ ಹೋದೆ. ಸಾವ್ಕಾರ್ರ ಹೆಂಡ್ತಿ ಜಗ್ಲೀಲಿ ಕೂತಿದ್ರು. "ನೋಡಿ ಅಮ್ಮಾವ್ರೆ, ಇದು ಒಂದ್ ಹಗ್ಲಿಂದು. ನನ್ ಮಗಳು ಇದ್ರಿಂದ್ಲೇ ಹೋಗಿದ್ದು. ಆ ಸಿಪ್ಪೆ ತೆಗ್ಸಿ" ಅಂದೆ. ಅವ್ರು ಮೂಗಿಗೆ ಸೆರಗು ಹಿಡ್ಕೊಂಡು ಬಗ್ಗಿ ನೋಡಿದ್ರು. "ಅಯ್ಯೋ, ಎಷ್ಟ್ ಚೆನ್ನಾಗ್ ಹಿಡ್ದಿದೆ! ನಮ್ಮ ಅಡ್ಗೆಮನೆಗೂ ನಾಕು ಮಾಡ್ಕೊಡೇ" ಅಂದ್ರು.

ಮಾಡ್ಕೊಟ್ಟೆ ಕಣ್ರೋ. ನಾನೇ ಹೋಗಿ ನನ್ ಕೈಯಾರ ನೇತಾಕ್ಬಂದೆ. ಕೆಲ್ಸ ಹೋದ್ರೆ ಲೈನ್ ಮನೇನೂ ಹೋಗೋದಲ್ಲ, ಎದೇಲಿ ಕೂಸು ಬ್ಯಾರೆ. ಗುಡ್ಡೆ ಅಲ್ಲೇ ಇತ್ತು. ಮುಂದಿನ್ ವರ್ಷ ಲೈನ್‌ನಲ್ಲಿ ಇನ್ನೊಂದ್ ಮಗೂಗೆ ಭೇದಿ ಹಿಡೀತು ನೋಡು, ಹೆಂಗಸ್ರೆಲ್ಲ ಹಣ್ಣು ಕುಯ್ಯಕ್ ಹೋಗ್ದೆ ಗುಡ್ಡೆ ಮುಂದೆ ಕೂತ್ಬುಟ್ವಿ. ರೈಟರ್ ಕೂಗಾಡ್ದ. ಯಾರೂ ಏಳ್ಲಿಲ್ಲ. ಮಧ್ಯಾಹ್ನಕ್ಕೆ ಟ್ರ್ಯಾಕ್ಟರ್ ಬಂತು, ಸಂಜೆಗೆ ನೆಲ ಕಾಣ್ತು. ಆ ಮಗು ಉಳ್ಕೊಂತು. ಅರ್ಧ ದಿನದ್ ಕೆಲ್ಸ ಕಣ್ರೋ. ಬರೀ ಅರ್ಧ ದಿನದ್ದು. ಅಷ್ಟನ್ನ ಮಾಡ್ಸಕ್ಕೆ ನನ್ ಗೌರಿ ಹೋಗ್ಬೇಕಿತ್ತಾ?

ಏನಾರ ಕೇಳಾಕ್ ಹೋದ್ರೆ ಒಬ್ಬೊಬ್ರೇ ಹೋಗ್ಬ್ಯಾಡಿ. ಅಷ್ಟೇಯ. ಏಳಿ, ಆ ಅನ್ನದ್ ಪಾತ್ರೆ ಮುಚ್ಚಿ ಮೊದ್ಲು.