ಅಮ್ಮನ ಬೀಜದ ಸೋರೆಬಳ್ಳಿ

...ಅಲ್ಲೇ ನಿಂತ್ಕೋಬೇಡ, ಈಚೆ ಬಾ. ಪುದೀನ ಕುಂಡ ಕಾಲಿಗೆ ತಾಗುತ್ತೆ. ಈ ಮಹಡಿ ಮೇಲೆ ಮನುಷ್ಯರಿಗೆ ಜಾಗ ಎಲ್ಲಿದೆ, ಎಲ್ಲಾ ಗಿಡಗಳದ್ದೇ ದರ್ಬಾರು. ಕೂತ್ಕೊಳಲ್ವಾ? ಸರಿ, ನಿಂತೇ ಇರು. ನನ್ನ ತಮ್ಮನ ಹೆಂಡತಿಗೆ ನಾನು ಉಪಚಾರ ಹೇಳಬೇಕಾ.

ಬಳ್ಳಿ ನೋಡ್ತಿದೀಯಾ... ಹೂಂ, ಅದೇ ಸೋರೆಬಳ್ಳಿ. ಇನ್ನೂ ಕಿತ್ತಿಲ್ಲ. ಅವನನ್ನ ಮಣ್ಣು ಮಾಡಿ ಬಂದು ಹನ್ನೆರಡು ದಿನ ಆಯ್ತು. ದಿನಾ ಬುಡಕ್ಕೆ ಕೈ ಹಾಕ್ತೀನಿ, ಕೀಳೋಕೆ ಮನಸ್ಸು ಬರಲ್ಲ. ಅಮ್ಮ ಸಾಯೋ ಮುಂಚೆ ಡಬ್ಬಿಲಿ ಎತ್ತಿಟ್ಟಿದ್ದ ಬೀಜ ಕಣೇ. "ಹಳೇ ಬೀಜ ಅಕ್ಕಾ, ಬಿಸಾಕು, ಹೊಸದು ತಗೋ" ಅಂತ ನಿನ್ನ ಗಂಡ ರೇಗಿಸ್ತಾನೇ ಇದ್ದ. ಅದಕ್ಕೇ ಮೊದಲನೇ ಕಾಯಿ ಅವನಿಗೇ ಕೊಟ್ಟೆ, ರಸ ತೆಗೆದು ಕುಡಿ ಅಂತ. ಅಮ್ಮನ ಬೀಜ ಕೆಡಲ್ಲ ನೋಡು ಅಂದೆ.

ಯಾಕೆ ಹಾಗೆ ನೋಡ್ತೀಯಾ? ಬೈಯಬೇಕು ಅನಿಸಿದ್ರೆ ಬೈದುಬಿಡು. ಹೌದು, ನೀನು ಫೋನ್ ಮಾಡಿದ್ದೆ, ನಾನೇನು ಇಲ್ಲ ಅಂದ್ನಾ? "ರಸ ತುಂಬಾ ಕಹಿ ಇದೆ ಅಕ್ಕಾ, ಕುಡಿಯೋದಾ ಬೇಡ್ವಾ" ಅಂತ ನೀನು ಕೇಳಿದೆ. ಹಸಿ ರಸ ಕಹಿ ಇರದೆ ಇನ್ನೇನು, ಕಣ್ಮುಚ್ಚಿ ಕುಡಿಯೋಕೆ ಹೇಳು, ಮೈಗೆ ಒಳ್ಳೇದು ಅಂದೆ. ಅಂದೆ... ಕಹಿ ಸೋರೆ ವಿಷ ಅಂತ ಡಾಕ್ಟರು ಹೇಳಿದ ಮೇಲೇ ನನಗೂ ಗೊತ್ತಾಗಿದ್ದು. ರಕ್ತ ಕಾರಿಕೊಂಡು ಹೋಗೋವಷ್ಟು ವಿಷ ಅಂತ ಯಾರು ಕನಸು ಕಂಡಿದ್ರು? ಕಾಯಿ ಮೇಲೆ ಬರೆದಿರುತ್ತಾ? ಹೊರಗಿಂದ ನುಣ್ಣಗೆ, ಹಸಿರಾಗಿ ಚೆನ್ನಾಗೇ ಇತ್ತು. ಆ ತುದಿ ಕೊಯ್ದಿದ್ದು ಬಿಡು, ಅಲ್ಲಿ ಹುಳ ಕೊರೆದಿತ್ತು, ಅದಕ್ಕೇ...

ಏನು?

ಹೌದು. ತುದಿ ವಿಷಯ ನೀನು ಕೇಳಲೇ ಇಲ್ಲ.

ಮಾತಾಡೇ. ಕಲ್ಲಿನ ಹಾಗೆ ನಿಂತ್ಕೋಬೇಡ, ನನಗೆ ತಡ್ಕೊಳಕ್ಕಾಗಲ್ಲ.

...ಹುಳ ಇರಲಿಲ್ಲ. ಅಮ್ಮ ಪ್ರತಿ ಸೋರೆಕಾಯಿನೂ ತುದಿ ಕೊಯ್ದು ನಾಲಿಗೆಗೆ ಇಟ್ಟು ನೋಡ್ತಿದ್ಲು. ಕಹಿ ಅಂದ್ರೆ ಇಡೀ ಕಾಯಿ ಗೊಬ್ಬರದ ಗುಂಡಿಗೆ. ನಾನೂ ನೋಡಿದೆ, ಇದೇ ಮಲ್ಲಿಗೆ ಕುಂಡದ ಪಕ್ಕ ನಿಂತು. ಥೂ ಅಂತ ಉಗಿದೆ. ಮೂರು ಸಲ ಬಾಯಿ ಮುಕ್ಕಳಿಸಿದೆ. ವಿಷ ಅಂತ ಗೊತ್ತಿರಲಿಲ್ಲ, ನನ್ನಾಣೆಗೂ. ಕಹಿ ಅಂತ ಗೊತ್ತಿತ್ತು. ಬಿಸಾಕೋಣ ಅಂತಲೇ ಇದ್ದೆ. ಅಷ್ಟರಲ್ಲಿ ಅವನು ಮೆಟ್ಟಿಲು ಹತ್ತಿ ಬಂದ, ನಗ್ತಾ. "ಏನಕ್ಕಾ, ಏನಂತೆ ಅಮ್ಮನ ಬೀಜ?" ಅಂದ. ಅವನ ಮುಂದೆ ಸೋತೆ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಸಕ್ಕರೆ ಕಣೋ ಅಂದುಬಿಟ್ಟೆ. ಒಂದು ಗುಟುಕು ಕುಡಿದು ಮುಖ ಹಿಂಡ್ತಾನೆ, ಉಳಿದಿದ್ದು ಚೆಲ್ತಾನೆ, ಅಷ್ಟೇ ಅಂದ್ಕೊಂಡಿದ್ದೆ.

ಪೂರ್ತಿ ಲೋಟ ಕುಡಿದ, ಅಲ್ವಾ? ನೀನೇ ಆಸ್ಪತ್ರೆಲಿ ಅಳ್ತಾ ಹೇಳಿದೆ. "ನಮ್ಮಕ್ಕ ರುಚಿ ನೋಡದೆ ಕೊಡೋಳಲ್ಲ" ಅಂತ ಹೇಳ್ಕೊಂಡೇ ಕುಡಿದ ಅಂತ. ಒಳಗೆ ಅವನಿನ್ನೂ ಉಸಿರಾಡ್ತಿದ್ದ. ನಾನು ಆಗಲೂ ಸುಮ್ಮನೇ ಇದ್ದೆ.