ಮಾಸ್ತರರ ಬೆಂಕಿಕಡ್ಡಿ

ಒಂದೂರಲ್ಲಿ ಒಬ್ಬ ದಂಡನಾಯಕನಿದ್ದ. ಯಾವ ರಾಜನ ಕಾಲದವನು ಎಂದು ಕೇಳಬೇಡಿ, ರಾಜನಿಲ್ಲದ ಈ ಕಾಲದವನೇ. ಅವನಿಗೆ ಕುದುರೆ ಇರಲಿಲ್ಲ, ಚಕ್ರವಿರುವ ಕುರ್ಚಿ ಇತ್ತು. ಕತ್ತಿ ಇರಲಿಲ್ಲ, ಮೌಸ್ ಇತ್ತು. ಐತಾರ, ರಜೆಯ ದಿನ, ಊಟ ಮುಗಿಸಿ, ಬನಿಯನ್ ಮೇಲೆಯೇ ಯುದ್ಧಕ್ಕೆ ಕೂರುತ್ತಿದ್ದ. ನಗುತ್ತೀರಿ. ನಗಿ, ಪರವಾಗಿಲ್ಲ. ಈ ಕಥೆ ಮುಗಿಯುವ ಹೊತ್ತಿಗೆ ಯಾರು ಯಾರನ್ನು ನೋಡಿ ನಗುತ್ತಾರೋ ನೋಡೋಣ.

ಊರಿನ ಹೆಸರು ಹೇಳುವುದಿಲ್ಲ, ನಮ್ಮ ಜಿಲ್ಲೆಯದೇ. ಆ ದಂಡನಾಯಕರು ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರು. ಗುರುಸಿದ್ದಪ್ಪ ಮಾಸ್ತರ ಎಂದು ಕರೆಯೋಣ. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು. ಅವರು ಮೈದಾನದಲ್ಲಿ ‘ಸಾವಧಾನ್’ ಎಂದರೆ ಪಕ್ಕದ ರಸ್ತೆಯಲ್ಲಿ ಹೋಗುವವರೂ ಒಂದು ಗಳಿಗೆ ನೆಟ್ಟಗೆ ನಿಲ್ಲುತ್ತಿದ್ದರಂತೆ. ವರ್ಗವಾಗಿ ಹೊಸದಾಗಿ ಆ ಊರಿಗೆ ಬಂದವರು. ಗೆಳೆಯರಿರಲಿಲ್ಲ. ಆಗ ಈ ಕಂಪ್ಯೂಟರ್ ಆಟ ಹಿಡಿದುಕೊಂಡು ಅವರೇ ಒಂದು ದಂಡು ಕಟ್ಟಿದರು. ಅವರೂ ಸೇರಿ ಊರಿನವರೇ ಒಂಬತ್ತು ಜನ, ತಮ್ಮ ತಮ್ಮ ಮನೆಯಲ್ಲಿ ಕೂತು ಆಡುವುದು. ಆಟ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸೇರುವುದು. ವಾರವಿಡೀ ಮಾಸ್ತರರು ಕಾಯುತ್ತಿದ್ದುದು ಆ ಆಟಕ್ಕೆ, ಆ ಚಹಾಕ್ಕೆ. ಆ ಊರಿನಲ್ಲಿ ಅವರಿಗೆ ತಮ್ಮವರು ಎಂದು ಇದ್ದವರು ಆ ದಂಡಿನವರಷ್ಟೇ. ಇದನ್ನು ನೆನಪಿಡಿ.

ಆಟ ಎಂಥದು? ಹತ್ತು ಗುಂಡು ಬಿದ್ದರೂ ಎದ್ದು ಓಡುವ ಆಟವಲ್ಲ ಅದು. ಒಂದು ಗುಂಡು ಬಿತ್ತೆಂದರೆ ನೆಲಕ್ಕೆ. ದಂಡಿನ ವೈದ್ಯರು ಬೇಗ ಬಂದು ಪಟ್ಟಿ ಕಟ್ಟಿದರೆ ಮತ್ತೆ ಏಳಬಹುದು. ಬರದಿದ್ದರೆ ಸತ್ತ ಹಾಗೆ. ಸತ್ತವನು ನಾಯಕ ನೆಟ್ಟ ಬಾವುಟದ ಬಳಿಯಿಂದ ಮತ್ತೆ ಹುಟ್ಟಿಬರುತ್ತಾನೆ. ಬಾವುಟವೇ ಇಲ್ಲವೆಂದರೆ, ದೂರದ ಶಿಬಿರದಿಂದ ಏದುಸಿರು ಬಿಟ್ಟುಕೊಂಡು ಓಡಿಬರಬೇಕು. ಆ ಬಾವುಟವನ್ನು ನೆಡುವ ಅಧಿಕಾರ ನಾಯಕನಿಗೆ ಮಾತ್ರ. ಅವನಿಗೂ ಒಂದು ಕಟ್ಟಳೆ ಇದೆ. ಪಕ್ಕದಲ್ಲಿ ತನ್ನವರು ಇಬ್ಬರಾದರೂ ನಿಂತಿರಬೇಕು. ಒಬ್ಬನೇ ನಿಂತು ನೆಡುತ್ತೇನೆ ಎಂದರೆ ಆಗುವುದಿಲ್ಲ. ಆಟ ಮಾಡಿದವನು ಬುದ್ಧಿವಂತ, ನೋಡಿ.

ಇನ್ನೊಂದು ಕಟ್ಟಳೆ ಆಟದೊಳಗಿನ ರೇಡಿಯೋದು. ಗುಂಡಿ ಒತ್ತಿ ಹಿಡಿದರೆ ನಿಮ್ಮ ಮಾತು ಎಲ್ಲರಿಗೂ ಕೇಳುತ್ತದೆ. ಒತ್ತಿ ಹಿಡಿದಿರುವಷ್ಟು ಹೊತ್ತು ಬೇರೆಯವರ ಮಾತು ನಿಮಗೆ ಕೇಳುವುದಿಲ್ಲ. ಹೇಳುವಾಗ ಹೇಳು, ಬಿಟ್ಟು ಕೇಳು. ಅಷ್ಟೇ.

ನಮ್ಮ ಮಾಸ್ತರರಿಗೆ ಹೇಳುವುದು ಬಹಳ ಇತ್ತು. ‘ಮುಂದ ನಡೀರಿ, ಬಗ್ಗಿ ನಡೀರಿ, ಯಾಕ ನಿಂತ್ರಿ, ಎಡಕ್ಕ ನೋಡ್ರಿ, ನನ್ನ ನೋಡ್ರಿ, ಹಿಂಗ ಹೊಡೀಬೇಕು.’ ಎಷ್ಟೆಂದು ಬೆರಳು ಒತ್ತಿ ಹಿಡಿದೀತು? ಹೆಬ್ಬೆರಳು ನೋಯತೊಡಗಿತು. ಆಗ ಅವರೊಂದು ಉಪಾಯ ಕಂಡುಕೊಂಡರು. ದೇವರ ಮುಂದಿನ ಪೊಟ್ಟಣದಿಂದ ಒಂದು ಬೆಂಕಿಕಡ್ಡಿ ತಂದು, ಅರ್ಧ ಮುರಿದು, ಕೀಬೋರ್ಡಿನ ಆ ಗುಂಡಿಯ ಸಂದಿಗೆ ಸಿಕ್ಕಿಸಿದರು. ಗುಂಡಿ ಒತ್ತಿದ್ದು ಒತ್ತಿದಂತೆಯೇ ಕೂತಿತು. ಇನ್ನು ಬೆರಳಿಗೆ ನೋವಿಲ್ಲ, ಬಾಯಿಗೆ ಬಿಡುವಿಲ್ಲ.

ಅವತ್ತಿನಿಂದ ದಂಡು ನಿಶ್ಶಬ್ದವಾಯಿತು. ಮಾಸ್ತರರ ಕಿವಿಗೆ ಒಬ್ಬರ ಸೊಲ್ಲೂ ಬೀಳಲಿಲ್ಲ. ಅವರು ಏನು ತಿಳಿದುಕೊಂಡರು ಗೊತ್ತೇ? ಶಿಸ್ತು ಬಂತು ಎಂದುಕೊಂಡರು. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡರು, “ನಮ್ಮ ದಂಡಿನ್ಯಾಗ ಒಬ್ಬರೂ ತುಟಿ ಪಿಟಕ್ ಅನ್ನಂಗಿಲ್ರಿ. ಹಂಗ ತಯಾರ ಮಾಡೀನಿ.”

ಶಿಸ್ತೇನೋ ಬಂತು, ಗೆಲುವು ಬರಲಿಲ್ಲ. ಹನ್ನೊಂದು ವಾರ ಆಡಿದರು, ಹನ್ನೊಂದು ವಾರವೂ ಸೋತರು. ಮಾಸ್ತರರ ಗುರಿ ಮಾತ್ರ ಬಲು ಚೆಂದ. ಎಲ್ಲರಿಗಿಂತ ಮುಂದೆ ಓಡುವುದು, ನಾಲ್ಕೈದು ಜನರನ್ನು ಕೆಡವುವುದು, ತಾವೂ ಬೀಳುವುದು, ಬಿದ್ದಲ್ಲಿಂದಲೇ ಆಜ್ಞೆ ಕೊಡುವುದು. ಬಾವುಟ ನೆಟ್ಟಿದ್ದೇ ಇಲ್ಲ. ಪಕ್ಕದಲ್ಲಿ ಇಬ್ಬರು ಇರಬೇಕಲ್ಲ, ಇವರ ಓಟಕ್ಕೆ ಯಾರು ಇದ್ದಾರು? ಆಟ ಮುಗಿದಾಗ ಪರದೆಯ ಮೇಲೆ ಪಟ್ಟಿ ಬರುತ್ತದೆ. ಹೊಡೆದವರಲ್ಲಿ ಮೊದಲ ಹೆಸರು ಮಾಸ್ತರರದು. ಸತ್ತವರಲ್ಲಿ ಮೊದಲ ಹೆಸರು ಪ್ರತಿ ವಾರವೂ ಕಸ್ತೂರಿಯದು.

ಈ ಕಸ್ತೂರಿ ಯಾರೆಂದರೆ, ಊರಿನ ಆಸ್ಪತ್ರೆಯ ನರ್ಸ್. ಆಟದಲ್ಲೂ ಅವರೇ ದಂಡಿನ ವೈದ್ಯೆ. ಮೆತ್ತಗಿನ ದನಿ, ನಿಧಾನದ ಹೆಣ್ಣುಮಗಳು. ಚಹಾದಂಗಡಿಯಲ್ಲಿ ಮಾಸ್ತರರು ಅವರನ್ನು ಎಲ್ಲರೆದುರು ಛೇಡಿಸುತ್ತಿದ್ದರು. “ಕಸ್ತೂರಿ, ನೀವು ಹುಡುಕ್ಯಾಡಿ ಸಾಯ್ತೀರಿ ನೋಡ್ರಿ. ವೈದ್ಯರೇ ಮೊದಲ ಸತ್ತರ ದಂಡಿನ ಗತಿ ಏನು?”

ಕಸ್ತೂರಿ ಚಹಾ ಆರಿಸುತ್ತ “ಆತು ಬಿಡ್ರಿ ಮಾಸ್ತರ” ಎನ್ನುತ್ತಿದ್ದರು.

ಪಕ್ಕದಲ್ಲಿ ಲಾಲಸಾಬ ಎಂಬ ಬಸ್ ಡ್ರೈವರ್. ದಂಡಿನ ದೊಡ್ಡ ಬಂದೂಕು ಅವನ ಕೈಯಲ್ಲಿ. ಅವನಿಗೆ ತಡೆಯುತ್ತಿರಲಿಲ್ಲ. “ಹಿಂದಿನಿಂದ ಬರಾಕತ್ತಾರ ಅಂತ ಕಸ್ತೂರಕ್ಕ ಹೇಳಿದ್ಲಲ್ರೀ” ಎನ್ನುತ್ತಿದ್ದ.

“ಯಾವಾಗ ಹೇಳಿದ್ರು? ನನಗಂತೂ ಕೇಳಲಿಲ್ಲ. ನಿಮ್ಮ ಮೈಕ್ ಸರಿ ಮಾಡಿಸ್ರಿ.”

ನೋಡಿ, ತನ್ನ ಗುಂಡಿಯಲ್ಲಿ ಕಡ್ಡಿ, ಮಂದಿಯ ಮೈಕಿನ ರಿಪೇರಿ. ಹೀಗೆ ಒಬ್ಬೊಬ್ಬರೇ ಬಿಟ್ಟುಹೋದರು. ಒಂಬತ್ತು ಆರಾಯಿತು. ಹನ್ನೊಂದನೆಯ ವಾರ ಚಹಾ ಕುಡಿದು ಲೋಟ ಕೆಳಗಿಟ್ಟ ಲಾಲಸಾಬ ಹೇಳಿದ, “ಮಾಸ್ತರ, ಬೇಜಾರ ಆಗಬ್ಯಾಡ್ರಿ. ಬರೂ ಐತಾರನೂ ಹಿಂಗ ಆದ್ರ ನಾವೆಲ್ಲ ಬ್ಯಾರೆ ದಂಡಿಗೆ ಹೋಗ್ತೀವಿ. ಮಾತಾಡಿಕೊಂಡೀವಿ.”

ಮಾಸ್ತರರು ಕಸ್ತೂರಿಯ ಮುಖ ನೋಡಿದರು. ಕಸ್ತೂರಿ ಇಲ್ಲವೆನ್ನಲಿಲ್ಲ. ಅವತ್ತು ಮಾಸ್ತರರು ಮನೆಗೆ ಹೋದ ಹೆಜ್ಜೆಯಲ್ಲಿ ಕವಾಯತು ಇರಲಿಲ್ಲ. ದಂಡು ಹೋದರೆ ಹೋಗಲಿ, ಚಹಾಕ್ಕೆ ಕರೆಯುವವರೇ ಇಲ್ಲವಾಗುತ್ತಾರೆ ಎಂಬ ಭಯ ಹತ್ತಿತು. ಆದರೂ ಪರಿಹಾರ ಏನು ಯೋಚಿಸಿದರು? ಇನ್ನೂ ಗಟ್ಟಿಯಾಗಿ, ಇನ್ನೂ ಬಿಡಿಸಿ ಹೇಳಬೇಕು ಎಂದು ಯೋಚಿಸಿದರು. ನಾವೆಲ್ಲ ಹಾಗೆಯೇ ಅಲ್ಲವೇ? ಮಾತು ನಾಟದಿದ್ದರೆ ದನಿ ಏರಿಸುತ್ತೇವೆ.

ಶನಿವಾರ ತಾಲ್ಲೂಕು ಮಟ್ಟದ ಕ್ರೀಡಾಕೂಟ. ಮಾಸ್ತರರು ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಕೂಗಿದರು. ಖೋಖೋಕ್ಕೆ ಕೂಗಿದರು, ರಿಲೇಗೆ ಕೂಗಿದರು, ಬಹುಮಾನ ಕೊಡಲು ತಡವಾಗಿ ಬಂದ ಅತಿಥಿಗಳ ಡ್ರೈವರಿಗೂ ಕೂಗಿದರು. ಐತಾರ ಎದ್ದರೆ ಗಂಟಲು ಕೂತುಹೋಗಿದೆ. ಬಾಯಿ ತೆರೆದರೆ ಗಾಳಿ ಬರುತ್ತದೆ, ಜೊತೆಗೊಂದು ಕೆಮ್ಮು. ದೇವರು ಕೆಲವರಿಗೆ ಕಿವಿ ಕೊಡಬೇಕಾದರೆ ಮೊದಲು ಗಂಟಲು ತೆಗೆದುಕೊಳ್ಳುತ್ತಾನೆ, ನಾನು ಕಂಡ ಮಟ್ಟಿಗೆ.

ಮಧ್ಯಾಹ್ನ ಮೂರಕ್ಕೆ ಆಟ ಶುರು. ಅವತ್ತಿನ ಕೆಲಸ ಒಂದು ಹಳ್ಳಿಯ ಹಿಟ್ಟಿನ ಗಿರಣಿಯನ್ನು ನಲವತ್ತು ನಿಮಿಷ ಬಿಟ್ಟುಕೊಡದೆ ಕಾಯುವುದು. ಹಿಂದಿನ ಹನ್ನೊಂದು ವಾರವೂ ಅದೇ ಗಿರಣಿ, ಹದಿನೈದು ನಿಮಿಷ ದಾಟಿದ್ದಿಲ್ಲ. ಮಾಸ್ತರರು ಎಂದಿನಂತೆ ಮುಂದೆ ಓಡಿದರು. ಕೆಮ್ಮು ಬಂತು. ತಮ್ಮ ಈ ಕೆಮ್ಮು ಐದು ಮನೆಗೆ ಕೇಳುತ್ತದಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಉಗುರಿನಿಂದ ಆ ಬೆಂಕಿಕಡ್ಡಿಯನ್ನು ಕಿತ್ತು ಪಕ್ಕಕ್ಕಿಟ್ಟರು.

ಕಿವಿಯಲ್ಲಿ ಮಾತು ಕೇಳತೊಡಗಿತು.

ಪಕ್ಕದ ಮನೆಯ ಟೀವಿ ಎಂದುಕೊಂಡರು ಮೊದಲು. ಅಲ್ಲ. ಲಾಲಸಾಬನ ದನಿ, “ಜ್ವಾಳದ ಹೊಲದಾಗ ಇಬ್ರು.” ಇನ್ಯಾರದೋ ದನಿ, “ನೋಡೀನಿ, ನನಗ ಬಿಡ್ರಿ.” ಎಷ್ಟು ಸಮಾಧಾನದಿಂದ ಮಾತಾಡುತ್ತಿದ್ದಾರೆ. ಆಮೇಲೆ ಆ ಮೆತ್ತಗಿನ ದನಿ ಬಂತು.

“ಮಾಸ್ತರು ಒಬ್ಬರೇ ಮುಂದ ಹೊಂಟಾರ. ಇನ್ನ ಅರ್ಧ ನಿಮಿಷಕ್ಕ ಬೀಳ್ತಾರ. ನಾ ಆ ಗ್ವಾಡಿ ಮಗ್ಗಲಕ ಹೋಗಿ ಕುಂದರ್ತೀನಿ.”

“ಬ್ಯಾಡ ಕಸ್ತೂರಕ್ಕ,” ಎಂದ ಲಾಲಸಾಬ. “ಹ್ವಾದ ವಾರ ಅವರನ್ನ ಎಬ್ಬಸಾಕ ಹೋಗಿ ನಾಕು ಸಲ ಸತ್ತೀ. ಎದ್ದು ತಾವು ಓಡಿಹೋಗ್ತಾರ, ಗುಂಡು ನಿನಗ ಬೀಳ್ತಾವ. ಇವತ್ತೊಂದಿನ ಬಿಡು.”

“ಬಿಡಾಕ ಆಗತೈತೇನೋ? ಬಿದ್ದಲ್ಲೇ ಒಬ್ಬರೇ ಒದರತಿರತಾರ. ನನಗ ಕೇಳಾಕ ಆಗಂಗಿಲ್ಲ.” ಮತ್ತೆ ಅವರೇ ಹೇಳಿದರು, “ಇವತ್ತ ಯಾಕೋ ಸುಮ್ನದಾರ. ಆರಾಮ ಇಲ್ಲೋ ಏನೋ. ನಿನ್ನೆ ಭಾಳ ಬಿಸಲಿತ್ತು.”

ಮಾಸ್ತರರ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ಹನ್ನೊಂದು ವಾರದ ಪಟ್ಟಿ ಕಣ್ಣ ಮುಂದೆ ಬಂತು. ಸತ್ತವರಲ್ಲಿ ಮೊದಲ ಹೆಸರು ಕಸ್ತೂರಿ. ಆ ಸಾವುಗಳೆಲ್ಲ ತಮ್ಮವು. ಅವನ್ನೇ ಹಿಡಿದು ಚಹಾದಂಗಡಿಯಲ್ಲಿ ನಾಲ್ಕು ಜನರೆದುರು ನಗೆಯಾಡಿದ್ದರು. ಆ ಹೆಣ್ಣುಮಗಳು ಒಂದು ದಿನವೂ ‘ನಿಮಗಾಗಿಯೇ ಸತ್ತೆನ್ರಿ’ ಎಂದಿರಲಿಲ್ಲ. ಹೇಳಿದ್ದಳೋ ಏನೋ, ಇವರಿಗೆ ಕೇಳಿರಲಿಲ್ಲ. ಐವತ್ತು ದಾಟಿದ ಗಂಡಸು, ಹಾಡಹಗಲೇ, ಬನಿಯನ್ ತುದಿಯಿಂದ ಕಣ್ಣೊರೆಸಿಕೊಂಡರು.

ಆಮೇಲೆ ಅವರು ಹಿಂದೆಂದೂ ಮಾಡದ ಕೆಲಸ ಮಾಡಿದರು. ಹಿಂದಕ್ಕೆ ತಿರುಗಿದರು. ಬಗ್ಗಿ ನಡೆದು ಗೋಡೆಯ ಬಳಿಗೆ ಬಂದು ಕಸ್ತೂರಿ, ಲಾಲಸಾಬರ ನಡುವೆ ಕೂತರು. ಕೂತದ್ದೇ ತಡ, ಪರದೆಯ ಮೂಲೆಯಲ್ಲಿ ಬಾವುಟದ ಗುರುತು ಬೆಳಗಿತು. ಇಬ್ಬರು ತಮ್ಮವರು ಪಕ್ಕದಲ್ಲಿದ್ದಾರೆ, ಈಗ ನೆಡಬಹುದು ಎಂಬ ಗುರುತು ಅದು. ಹನ್ನೊಂದು ವಾರದಲ್ಲಿ ಅವರು ಅದನ್ನು ನೋಡಿಯೇ ಇರಲಿಲ್ಲ. ಗುಂಡಿ ಒತ್ತಿ, ಒಡಕು ದನಿಯಲ್ಲಿ ಒಂದೇ ಮಾತು ಕೇಳಿದರು.

“ಕಸ್ತೂರಿ, ಅವರು ಹಿಂದಿನಿಂದ ಎಲ್ಲಿಂದ ಬರ್ತಾರ?”

ಕೇಳಿ ಬೆರಳು ತೆಗೆದರು.

“ನನ್ನ ಕೇಳಿದ್ರೇನ್ರಿ ಮಾಸ್ತರ?”

“ಹೂಂ.”

“ಗಿರಣಿ ಹಿಂದ ಕಾಲುವಿ ಐತ್ರಿ. ನೀರು ಕಡಿಮಿ. ಅದರಾಗ ಬಗ್ಗಿ ಬರ್ತಾರ. ಹತ್ತನೇ ನಿಮಿಷಕ್ಕ ಬರೋಬ್ಬರಿ ಬರ್ತಾರ. ಲಾಲಸಾಬ ಆ ಕಲ್ಲಿನ ಸೇತುವಿ ಮ್ಯಾಲೆ ಇದ್ರ ಸಾಕು.”

ಮಾಸ್ತರರು ನಕ್ಷೆ ತೆರೆದು ಸೇತುವೆಗೆ ಗುರುತು ಹಾಕಿದರು. ಗೋಡೆಯ ಹಿಂದೆ ಬಾವುಟ ನೆಟ್ಟರು. ಅವತ್ತಿಡೀ ಅವರು ಆಡಿದ ಮಾತು ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುವಷ್ಟು. ‘ಲಾಲಸಾಬ, ಸೇತುವಿ.’ ‘ಬಾವುಟ ಐತಿ, ಹೆದರಬ್ಯಾಡ್ರಿ.’ ‘ಏನ್ ಕಾಣ್ತೈತಿ?’ ಕೇಳುವುದು, ಬೆರಳು ತೆಗೆಯುವುದು. ಹತ್ತನೆಯ ನಿಮಿಷಕ್ಕೆ ಕಾಲುವೆಯಲ್ಲಿ ಬಂದವರು ಬಂದಂತೆಯೇ ಮಲಗಿದರು. ಬಿದ್ದ ತಮ್ಮವರು ಬಾವುಟದಿಂದ ಎದ್ದುಬಂದರು. ಹದಿನೈದು ನಿಮಿಷ ದಾಟಿತು. ಇಪ್ಪತ್ತು ದಾಟಿತು, ಮೂವತ್ತು ದಾಟಿತು.

ಗೆದ್ದರು ಎಂದರೆ ನಿಮಗೆ ಖುಷಿ. ಇಲ್ಲ, ಸೋತರು. ಮೂವತ್ತೆಂಟನೆಯ ನಿಮಿಷಕ್ಕೆ ಗಿರಣಿ ಹೋಯಿತು. ಎದುರಿನವರು ಎಳೆಯರು, ಕೈ ಚುರುಕು. ಪರದೆಯ ಮೇಲೆ ಪಟ್ಟಿ ಬಂತು. ಹೊಡೆದವರಲ್ಲಿ ಮಾಸ್ತರರ ಹೆಸರು ಎಲ್ಲರಿಗಿಂತ ಕೆಳಗೆ. ಸತ್ತವರಲ್ಲಿ ಕಸ್ತೂರಿಯ ಹೆಸರೂ ಎಲ್ಲರಿಗಿಂತ ಕೆಳಗೆ. ಮಾಸ್ತರರು ಪಟ್ಟಿಯನ್ನು ಮತ್ತೊಮ್ಮೆ ಓದಿದರು. ಇವತ್ತೂ ಸೋತೆವಲ್ಲ, ಈಗ ಒಬ್ಬೊಬ್ಬರೇ ಹೊರಡುತ್ತಾರೆ. ಮಾತಾಡಿ ತಡೆಯೋಣವೆಂದರೆ ದನಿ ಇಲ್ಲ. ಕೇಳುತ್ತ ಕೂತರು.

“ಬರೂ ಐತಾರ ಮೂರಕ್ಕ ಅಲ್ರಿ ಮಾಸ್ತರ?” ಲಾಲಸಾಬನ ದನಿ. “ನನಗ ಗದಗ ರೂಟ್ ಹಾಕ್ಯಾರ. ಅದ್ಲಾಬದ್ಲಿ ಮಾಡ್ಕೊಂಡ ಬರ್ತೀನಿ.”

“ಚಹಾಕ್ಕ ಲಗೂನ ಬರ್ರಿ,” ಎಂದರು ಕಸ್ತೂರಿ. “ಅದಕ್ಕೂ ಮೊದಲ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸ್ರಿ.”

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರುತ್ತೇನೆ. ಜರುಗಿ ಕೂತರೂ ಬಿಡುವುದಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಮನೆಯ ಯಜಮಾನರಿದ್ದೀರಿ, ಅತ್ತೆಯರಿದ್ದೀರಿ, ಕಚೇರಿಯಲ್ಲಿ ಹತ್ತು ಜನರ ಮೇಲೆ ಕೂತವರಿದ್ದೀರಿ. ‘ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎದುರಾಡುವವರಿಲ್ಲ’ ಎಂದು ಹೆಮ್ಮೆಯಿಂದ ಹೇಳಿದವರನ್ನು ಈ ಮಠದ ಕಟ್ಟೆಯ ಮೇಲೆಯೇ ಕೇಳಿದ್ದೇನೆ. ಸ್ವಾಮಿ, ಎದುರಾಡುವವರಿಲ್ಲವೋ, ನಿಮ್ಮ ಗುಂಡಿಯಲ್ಲಿ ಕಡ್ಡಿ ಇದೆಯೋ? ನೀವು ಬೈದುಕೊಂಡು ಓಡಾಡುವ ಆ ಸೊಸೆ, ಆ ತಮ್ಮ, ಆ ಗುಮಾಸ್ತ, ನಿಮ್ಮನ್ನು ಎಬ್ಬಿಸಲು ಬಂದು ಎಷ್ಟು ಸಲ ಬಿದ್ದಿದ್ದಾರೋ ನಿಮಗೆ ಗೊತ್ತೇ? ಮನೆ ನಿಶ್ಶಬ್ದವಾಗಿದ್ದರೆ ಶಿಸ್ತು ಎಂದುಕೊಳ್ಳಬೇಡಿ. ಮಾತಾಡುತ್ತಲೇ ಇದ್ದಾರೆ, ನಿಮಗೆ ಕೇಳುತ್ತಿಲ್ಲ.

ಇವತ್ತೇ ಮಾಡಬೇಕಾದದ್ದು ಒಂದಿದೆ. ಮನೆಗೆ ಹೋಗಿ ಊಟಕ್ಕೆ ಕೂತಾಗ, ಹೆಚ್ಚು ಮಾತಾಡದ ಒಬ್ಬರನ್ನು ಆರಿಸಿಕೊಳ್ಳಿ. ಒಂದು ಪ್ರಶ್ನೆ ಕೇಳಿ, ‘ನಿನಗೇನು ಕಾಣುತ್ತಿದೆ?’ ಕೇಳಿ ಸುಮ್ಮನಾಗಿ. ಅವರು ತಕ್ಷಣ ಹೇಳುವುದಿಲ್ಲ. ‘ನನ್ನ ಕೇಳಿದಿರೇನು?’ ಎನ್ನುತ್ತಾರೆ. ಹೂಂ ಎನ್ನಿ. ಮತ್ತೆ ಸುಮ್ಮನಾಗಿ. ಅನ್ನ ಆರಿದರೆ ಆರಲಿ. ನಡುವೆ ಬಾಯಿ ಹಾಕಬೇಡಿ, ಬುದ್ಧಿ ಹೇಳಬೇಡಿ. ಸೋಲುವುದಿದ್ದರೆ ಆಮೇಲೂ ಸೋಲುತ್ತೀರಿ, ಆದರೆ ಮುಂದಿನ ಐತಾರ ನಿಮ್ಮ ಜೊತೆ ಚಹಾ ಕುಡಿಯಲು ಜನ ಇರುತ್ತಾರೆ.

ನಾನೂ ಮುಕ್ಕಾಲು ಗಂಟೆಯಿಂದ ಈ ಮೈಕಿನ ಗುಂಡಿ ಬಿಟ್ಟಿಲ್ಲ. ಅಗೋ, ಆ ಹಿಂದಿನ ಕಂಬಕ್ಕೆ ಒರಗಿ ಕೂತ ತಾಯಿ, ಮೂರು ವರ್ಷದಿಂದ ಬರುತ್ತೀರಿ, ಒಂದು ದಿನವೂ ನಿಮ್ಮ ದನಿ ನಾನು ಕೇಳಿಲ್ಲ. ಮೈಕು ನಿಮ್ಮ ಹತ್ತಿರ ಕಳಿಸುತ್ತೇನೆ. ಹೇಳಿ ತಾಯಿ, ನಾನು ಸುಮ್ಮನೆ ಕೂರುತ್ತೇನೆ.